ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಖರೆ ಎಷ್ಟು ದೂರ? ವಿಮಾನ ಉತ್ತರಕ್ಕ ಯಾಕ ಹೋಗ್ತದ?

ಗಂಜ್ ಅಡತಿ, ಕಲಬುರಗಿ

ಎಲ್ಲರಿಗೂ ಶರಣು. ನೆಹರು ಗಂಜಿನ್ಯಾಗ ನಮ್ಮದು ತೊಗರಿ ಅಡತಿ ಅದ. ಮಗಳು, ಅಳಿಯ ಫ್ರೀಮಾಂಟಿನ್ಯಾಗ ಇರ್ತಾರ, ಸ್ಯಾನ್ ಫ್ರಾನ್ಸಿಸ್ಕೋ ಬಾಜೂಕ. ಹೊಸ ತೊಗರಿ ಡಿಸೆಂಬರಕ್ಕ ಬರ್ಲಿಕ್ಕೆ ಸುರು ಆಯ್ತಂದ್ರ ಗಂಜ್ ಬಿಟ್ಟು ಕದಲಂಗಿಲ್ಲ. ಹಂಗಾಗಿ ಶ್ರಾವಣದಾಗ, ಅಂದ್ರ ಆಗಸ್ಟ್‌ದಾಗ, ನಾನೂ ನಮ್ಮ ಮನಿಯವರೂ ಹೋಗಬೇಕಂತ ಮಾಡೀವಿ. ಟಿಕೇಟ ಇನ್ನ ತಗೊಂಡಿಲ್ಲ, ಅಷ್ಟರಾಗ ಅಂಗಡ್ಯಾಗ ಜಗಳ ಸುರು ಆಗ್ಯಾದ.

ಗಾದಿ ಹಿಂದ ಗೋಡಿಗೆ ಒಂದು ಜಗತ್ತಿನ ನಕ್ಷಾ ಅದ, ಮಗಳು ಹೈಸ್ಕೂಲ್ ಓದುವಾಗ ತಂದದ್ದು. ಮುನೀಮ ಅಂತಾನ, ಅಮೆರಿಕಾ ಎಡಕ್ಕ ಅದ, ವಿಮಾನ ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗ್ತದ ಅಂತ. ಹಮಾಲರ ಮುಕ್ಕದ್ದಮ ಅಂತಾನ, ಭೂಮಿ ಗುಂಡಗ ಅದ, ಬಲಕ್ಕ ಜಪಾನ್ ಮ್ಯಾಲಿಂದ ಹೋದ್ರ ಸಮೀಪ ಅಂತ. ಚೀಲಾ ಹೊಲಿಯೋ ಸುತಳಿ ತಗೊಂಡು ಅಳದೇ ಬಿಟ್ವಿ. ಎಡಕ್ಕ ಹೋದ್ರ ಇಪ್ಪತ್ತು ಸಾವಿರ ಕಿಲೋಮೀಟರ್ ದಾಟ್ತದ. ಬಲಕ್ಕ ಅಳೀಬೇಕಂದ್ರ ನಕ್ಷಾ ಜಪಾನಿನ ಆಚಿಗೆ ಕಡದು ನಿಂತದ, ಸುತಳಿ ಎಲ್ಲಿ ಇಡೋದು?

ಅಳಿಯಗ ಫೋನ್ ಹಚ್ಚಿದ್ರ "ಹದಿನಾಲ್ಕು ಸಾವಿರ ಮಾವಾ" ಅಂದು ಇಟ್ಟುಬಿಟ್ಟ. ಮೊಬೈಲ್‌ದಾಗ ನೋಡಿದ್ರ ಒಂದು ಕಡಿ 13,990 ಅದ, ಇನ್ನೊಂದು ಕಡಿ 14,000ದ ಮ್ಯಾಲ ಅದ. ಏಜೆಂಟ್ ಅಂತಾನ, ಹೈದರಾಬಾದಿಂದ ದುಬೈ ಮ್ಯಾಲೆ ಹೋಗ್ರಿ, 15,500 ಆಗ್ತದ. ಹೋಗಿ ಬಂದ ನಮ್ಮ ಓಣಿಯವರೊಬ್ಬರು ಬ್ಯಾರೇನೇ ಹೇಳ್ತಾರ: ಮುಂದಿನ ಪರದೆ ಮ್ಯಾಲ ವಿಮಾನ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ, ಸೀದಾ ಮ್ಯಾಲ ಬರ್ಫಿನ ಕಡಿ ಹೋಯ್ತು ಅಂತ.

ಒಂದೂರಿಂದ ಇನ್ನೊಂದೂರಿಗೆ ದೂರ ಅಂದ್ರ ಒಂದೇ ಇರಬೇಕಲ್ರಿ? ತೂಕದಾಗ ಇಷ್ಟು ಫರಕ್ ಬಂದ್ರ ನಮ್ಮ ಗಂಜಿನ್ಯಾಗ ಹೊಡೆದಾಟ ಆಗ್ತಾವ. ತಿಳಿದವರು ಬಿಡಿಸಿ ಹೇಳ್ರಿ.

ಇನ್ನೊಂದು. ನಮ್ಮ ಮನಿಯವರು ಶ್ರಾವಣ ಸೋಮವಾರ ಒಪ್ಪತ್ತು ಮಾಡ್ತಾರ, ಹೊತ್ತು ಮುಳುಗಿದ ಮ್ಯಾಲ ಪೂಜಿ ಮಾಡಿ ಉಣ್ತಾರ. ವಿಮಾನದಾಗ ಸೋಮವಾರ ಬಂದ್ರ ಯಾವ ಊರಿನ ಹೊತ್ತು ಹಿಡೀಬೇಕು?

ಭೀಮಾ ತೀರ, ಯಾದಗಿರಿ

ಸಾಹುಕಾರ್ರೇ, ಸರಳ ಅದ. ಭೂಮಿ ಪಶ್ಚಿಮದಿಂದ ಪೂರ್ವಕ್ಕ ತಿರುಗ್ತದ. ವಿಮಾನ ಮ್ಯಾಲ ಹೋಗಿ ಪಶ್ಚಿಮಕ್ಕ ಮುಖ ಮಾಡಿದ್ರ ಸಾಕು, ಕೆಳಗ ಅಮೆರಿಕಾನೇ ತಿರುಗಿ ಹತ್ತಿರ ಬರ್ತದ. ಅದಕ್ಕೇ ಹೋಗೋ ಟೈಮಿಗೂ ಬರೋ ಟೈಮಿಗೂ ಫರಕ್ ಇರ್ತದ.

ಸರಪಳಿ ಮಾಸ್ತರ, ಬೀದರ್

ಯಾದಗಿರಿಯವರ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಸಾಹುಕಾರರ ಸುತಳಿ.

ನಾನು ಭೂಮಾಪನ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಔರಾದ, ಭಾಲ್ಕಿ, ಹುಮನಾಬಾದ ಕಡೆ ಹೊಲಗಳಲ್ಲಿ 33 ಅಡಿ ಸರಪಳಿ ಎಳೆದೇ ಕೈ ಸವೆದದ್ದು. ಹದಿನಾರು ಆಣೆಗೆ ಒಂದು ಸರಪಳಿ, ಒಂದು ಸರಪಳಿ ಚೌಕಕ್ಕೆ ಒಂದು ಗುಂಟೆ. ಆ ಅಳತೆಯಲ್ಲಿ ಭೂಮಿ ಚಪ್ಪಟೆ ಅಂತಲೇ ಹಿಡೀತೀವಿ, ಅದರಿಂದ ಯಾರಿಗೂ ನಷ್ಟ ಇಲ್ಲ. ಒಂದು ಕಿಲೋಮೀಟರಿಗೆ ಭೂಮಿ ಬಾಗೋದು ಎಂಟು ಸೆಂಟಿಮೀಟರಿನಷ್ಟು. ಬದುವಿನ ಜಗಳದಲ್ಲಿ ಅದಕ್ಕಿಂತ ಹೆಚ್ಚು ಮಣ್ಣು ಅತ್ತಿತ್ತ ಆಗಿರ್ತದೆ. ಆದರೆ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಅಂದರೆ ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅಲ್ಲಿ ಚಪ್ಪಟೆ ಲೆಕ್ಕ ನಡೆಯೋದಿಲ್ಲ.

ನಿಮ್ಮ ಗೋಡೆಯ ನಕ್ಷೆ ಬಹುಶಃ ಮರ್ಕೇಟರ್ ಪದ್ಧತಿಯದು, ಶಾಲೆಗಳಲ್ಲಿ ಸಿಗೋದು ಹೆಚ್ಚಾಗಿ ಅದೇ. 1569ರಲ್ಲಿ ಹಡಗಿನವರ ಅನುಕೂಲಕ್ಕೆ ಮಾಡಿದ್ದು. ದಿಕ್ಸೂಚಿಯನ್ನು ಒಂದೇ ಕೋನಕ್ಕೆ ಹಿಡಿದು ಹೊರಟರೆ ಆ ದಾರಿ ಅದರ ಮೇಲೆ ನೇರ ಗೆರೆಯಾಗಿ ಬೀಳ್ತದೆ, ಅಷ್ಟೇ ಅದರ ಗುಣ. ಉಳಿದದ್ದೆಲ್ಲ ಅವಗುಣ. ಮೇಲಕ್ಕೆ ಹೋದಂತೆ ನೆಲವನ್ನು ಹಿಗ್ಗಿಸ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣ್ತದೆ, ಖರೆ ಆಫ್ರಿಕಾ ಅದರ 14 ಪಟ್ಟು. ಅಂಥ ನಕ್ಷೆಯ ಮೇಲೆ ಸುತಳಿ ಇಟ್ಟು ಅಮೆರಿಕಾ ಅಳೆಯೋದು ವ್ಯರ್ಥ. ಶಾಲೆಗಳಲ್ಲಿ ಗೋಡೆಗೆ ಅದನ್ನು ಹಾಕಿ, ಭೂಗೋಳವನ್ನು ಹೆಡ್ಮಾಸ್ತರರ ಕಪಾಟಿನಲ್ಲಿ ಬೀಗ ಹಾಕಿ ಇಡ್ತಾರಲ್ಲ, ನನಗೆ ಅದೇ ಸಿಟ್ಟು.

ನೀವು ಕಲಬುರಗಿಯವರು, ಹಫ್ತ್ ಗುಂಬಜ್ ನೋಡಿರ್ತೀರಿ. ಆ ಗುಮ್ಮಟದ ಅರ್ಧ ಎತ್ತರದಲ್ಲಿ ಒಂದು ಕಡೆ ಇರುವೆ ಕೂತಿದೆ, ಅದೇ ಎತ್ತರದಲ್ಲಿ ಆಚೆ ಮಗ್ಗುಲಿಗೆ ಹೋಗಬೇಕು. ಸುತ್ತು ಹಾಕಿ ಹೋದರೆ ದೂರ, ನೆತ್ತಿ ಹತ್ತಿ ಇಳಿದರೆ ಸಮೀಪ. ಬುಡದಲ್ಲಿ ಕೂತ ಇರುವೆಗೆ ಮಾತ್ರ ಎರಡೂ ದಾರಿ ಹೆಚ್ಚುಕಡಿಮೆ ಸಮ; ಮೇಲೆ ಹೋದಷ್ಟೂ ನೆತ್ತಿಯ ದಾರಿಗೆ ಲಾಭ. ಬೆಂಗಳೂರು 13 ಡಿಗ್ರಿ ಅಕ್ಷಾಂಶ, ಸ್ಯಾನ್ ಫ್ರಾನ್ಸಿಸ್ಕೋ 37ರ ಮೇಲೆ, ಎರಡೂ ಉತ್ತರಾರ್ಧದಲ್ಲೇ. ಪೂರ್ವದ ಕಡೆಯಿಂದ ಎಣಿಸಿದರೆ ನಡುವೆ 160 ಡಿಗ್ರಿ ರೇಖಾಂಶ, ಅಂದರೆ ಬಹುತೇಕ ಎದುರು ಮಗ್ಗುಲು. ಹಾಗಾಗಿ ಹತ್ತಿರದ ದಾರಿ ನೆತ್ತಿಯ ಕಡೆಗೇ ಹೋಗಬೇಕು.

ಲೆಕ್ಕ ಹಾಕಿ ನೋಡಿದೆ. ಎರಡೂರುಗಳ ನಡುವೆ ಭೂಮಿಯ ಕೇಂದ್ರದಲ್ಲಿ ಆಗುವ ಕೋನ 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ 13,990 ಸುಮಾರು. ಅಳಿಯಂದಿರು ಹೇಳಿದ ಹದಿನಾಲ್ಕು ಸಾವಿರ ಸರಿ. ಮುಕ್ಕದ್ದಮ ಹೇಳಿದಂತೆ ಪೂರ್ವಕ್ಕೆ ಒಂದೇ ಕೋನದಲ್ಲಿ ಹೋದರೆ 16,000 ಆಗ್ತದೆ, ಮುನೀಮನ ದಾರಿಗೆ ಇಪ್ಪತ್ತು ಸಾವಿರ. ಭೂಮಿಯ ಮೇಲೆ ಎಲ್ಲಿಂದ ಎಲ್ಲಿಗೂ ಹತ್ತಿರದ ದಾರಿ ಇಪ್ಪತ್ತು ಸಾವಿರ ಮೀರೋದೇ ಇಲ್ಲ, ಯಾಕೆಂದರೆ ಸುತ್ತಳತೆಯೇ ನಲವತ್ತು ಸಾವಿರ. ನಿಮ್ಮ ಮುನೀಮ ಜಗತ್ತಿನ ಅತಿ ದೂರವನ್ನು ಒಂದೇ ಟಿಕೆಟಿನಲ್ಲಿ ತೀರಿಸಿಬಿಟ್ಟಿದ್ದಾನೆ. (ಕಲಬುರಗಿಗೆ ಪೂರ್ತಿ ಎದುರಿನ ಜಾಗ ಪೆಸಿಫಿಕ್ ಸಾಗರದ ನೀರು, ಈಸ್ಟರ್ ದ್ವೀಪದಿಂದ ಉತ್ತರಕ್ಕೆ. ಅಲ್ಲಿಗೆ ಯಾರೂ ಟಿಕೆಟ್ ಕೊಡೋದಿಲ್ಲ.)

13,990, 14,000 ಅಂತ ಎರಡು ಬಂದದ್ದಕ್ಕೂ ಕಾರಣ ಇದೆ. ಭೂಮಿ ಪೂರ್ತಿ ಗುಂಡಲ್ಲ, ನಡುವಿನಲ್ಲಿ ಉಬ್ಬಿದೆ. ಕೇಂದ್ರದಿಂದ ಸಮಭಾಜಕಕ್ಕೆ 6,378 ಕಿ.ಮೀ., ಧ್ರುವಕ್ಕೆ 6,357. ಗುಂಡು ಎಂದುಕೊಂಡು ಲೆಕ್ಕ ಹಾಕಿದವನಿಗೂ ಉಬ್ಬು ಹಿಡಿದು ಹಾಕಿದವನಿಗೂ ಹತ್ತಿಪ್ಪತ್ತು ಕಿ.ಮೀ. ಫರಕ್ ಬರ್ತದೆ.

ಆ ಉಬ್ಬು ಎಷ್ಟು ಅಂತ ಅಳೆದದ್ದರಲ್ಲಿ ನಮ್ಮ ಬೀದರಿನ ಪಾಲೂ ಇದೆ. ಇದನ್ನು ಹೇಳದಿದ್ದರೆ ನನಗೆ ಊಟ ಸೇರೋದಿಲ್ಲ. ಲ್ಯಾಂಬ್ಟನ್ ಎಂಬ ಬ್ರಿಟಿಷ್ ಅಧಿಕಾರಿ 1802ರಲ್ಲಿ ಮದರಾಸಿನಿಂದ ಶುರು ಮಾಡಿದ ತ್ರಿಕೋನ ಮಾಪನ (ನೆಲವನ್ನು ತ್ರಿಕೋನಗಳಾಗಿ ಕಟ್ಟಿ ಅಳೆಯೋ ಸರ್ವೇ) ಕನ್ಯಾಕುಮಾರಿಯಿಂದ ಉತ್ತರಕ್ಕೆ 78 ಡಿಗ್ರಿ ರೇಖಾಂಶ ಹಿಡಿದು ಬೆಳೆಯಿತು. 1815ರಲ್ಲಿ ಅದರ ಒಂದು ಮೂಲರೇಖೆಯನ್ನು, ಅಂದರೆ ನೆಲದ ಮೇಲೆ ಖುದ್ದು ಅಳೆದು ಉಳಿದ ಲೆಕ್ಕಕ್ಕೆ ಆಧಾರ ಮಾಡಿಕೊಳ್ಳೋ ಗೆರೆಯನ್ನು, ಬೀದರ್ ಹತ್ತಿರ ಅಳೆದರು. ಇಲ್ಲಿಯ ದಾಮರಗಿದ್ದ ಎಂಬ ಠಾಣೆಯ ಅಕ್ಷಾಂಶ 18 ಡಿಗ್ರಿ 3 ಮಿನಿಟು. ಆಮೇಲೆ ಲ್ಯಾಂಬ್ಟನ್ ನಂತರ ಬಂದ ಎವರೆಸ್ಟ್ ಎಂಬ ಅಧಿಕಾರಿ ಉತ್ತರಕ್ಕೆ ಮುಂದುವರಿಸಿದ ಚಾಪ, ಅಂದರೆ ಭೂಮಿಯ ಬಾಗಿನುದ್ದಕ್ಕೂ ಅಳೆದ ಗೆರೆ, ಶುರುವಾಗೋದೇ ಆ ಠಾಣೆಯಿಂದ. 1841ರಲ್ಲಿ ವಾ ಎಂಬ ಅಧಿಕಾರಿ ಬೀದರಿನ ಮೂಲರೇಖೆಯನ್ನು ಮತ್ತೆ ಅಳೆದ, ಈ ಸಲ ಸರಪಳಿಯಿಂದಲ್ಲ, ಕಬ್ಬಿಣ ಮತ್ತು ಹಿತ್ತಾಳೆ ಜೋಡಿಸಿದ ಹತ್ತು ಅಡಿಯ ಪಟ್ಟಿಗಳಿಂದ. ಬಿಸಿಲಿಗೆ ಎರಡು ಲೋಹ ಬೇರೆ ಬೇರೆ ಹಿಗ್ಗುತ್ತವೆ, ಆ ಫರಕನ್ನೇ ಉಪಯೋಗಿಸಿ ನಡುವಿನ ಅಳತೆ ಅಲ್ಲಾಡದಂತೆ ಕಟ್ಟಿದ್ದರು. ನಮ್ಮ ಬೇಸಿಗೆಯಲ್ಲಿ ಸರಪಳಿ ಹಿಡಿದವರಿಗೆ ಗೊತ್ತು ಆ ಉಪಾಯದ ಬೆಲೆ. ಎವರೆಸ್ಟ್ ಹೆಸರಿನ 1830ರ ಭೂಮಿಯ ಆಕಾರದ ಮೇಲೇ ನಮ್ಮ ಹಳೆಯ ಸರ್ವೇ ನಕ್ಷೆಗಳೆಲ್ಲ ನಿಂತಿದ್ದವು. ಈಗ ಉಪಗ್ರಹದ ಲೆಕ್ಕ ಬಂದಿದೆ.

ಈಗ ಯಾದಗಿರಿಯವರು. ಭೂಮಿ ತಿರುಗೋದು ಹೌದು, ನಮ್ಮ ಅಕ್ಷಾಂಶದಲ್ಲಿ ತಾಸಿಗೆ ಸುಮಾರು 1,600 ಕಿ.ಮೀ. ವೇಗ. ಆದರೆ ಗಾಳಿಯೂ ಜೊತೆಗೇ ತಿರುಗ್ತದೆ, ವಿಮಾನ ಹಾರೋದು ಆ ಗಾಳಿಯಲ್ಲಿ. ಗಾಳಿ ಹಿಂದೆ ಉಳೀತಿದ್ದರೆ ನೀವು ಮನೆಯ ಹೊರಗೆ ನಿಂತಾಗ ತಾಸಿಗೆ 1,600 ಕಿ.ಮೀ. ಗಾಳಿ ಮುಖಕ್ಕೆ ಹೊಡೀಬೇಕಿತ್ತು. ಯಾದಗಿರಿ ಬೆಟ್ಟದ ಮೇಲಿನ ಕೋಟೆ ಇನ್ನೂ ಅಲ್ಲೇ ಇದೆ ತಾನೆ?

ಭೀಮಾ ತೀರ, ಯಾದಗಿರಿ

ಕೋಟೆ ಅಲ್ಲೇ ಅದ ಸರ್. ಹಂಗಾದ್ರ ಹೋಗೋ ಟೈಮಿಗೂ ಬರೋ ಟೈಮಿಗೂ ಫರಕ್ ಯಾಕ?

ಗಂಜ್ ಅಡತಿ, ಕಲಬುರಗಿ

ಮಾಸ್ತರ್ರೇ, ಗುಂಬಜದ ಮಾತು ಮುಕ್ಕದ್ದಮಗ ಭಾಳ ಸೇರ್ತು. ಮುನೀಮ ಇನ್ನ ಒಪ್ಪಿಲ್ಲ, ನಾಳೆ ಮಕ್ಕಳ ಆಡೋ ಭೂಗೋಳ ತರಸ್ತೀನಿ ಅಂದಾನ. ಆದ್ರ ಏಜೆಂಟನ 15,500 ಎಲ್ಲಿಂದ ಬಂತು? ಮತ್ತ ಆ ನೆತ್ತಿ ದಾರಿ ಯಾವ ಯಾವ ದೇಶದ ಮ್ಯಾಲಿಂದ ಹೋಗ್ತದ?

ಶಹಾಬಾದ್ ಕಲ್ಲು, ಈಗ ಬೆಂಗಳೂರು

ನಾನು ವಿಮಾನಗಳ ಹಾರಾಟದ ಯೋಜನೆ ಮಾಡುವ ಕೆಲಸದಲ್ಲಿದ್ದೇನೆ. ಊರು ಶಹಾಬಾದ್, ಹಾಗಾಗಿ ಕಲಬುರಗಿಯ ಪ್ರಶ್ನೆ ಕಂಡರೆ ಸುಮ್ಮನಿರಲಾಗುವುದಿಲ್ಲ.

ಮಾಸ್ತರರ 14,000 ಕಿ.ಮೀ. ಗೆರೆಯನ್ನು ಬೆಂಗಳೂರಿನಿಂದ ಎಳೆದರೆ ಅದು ಉತ್ತರಕ್ಕೆ, ಸ್ವಲ್ಪವೇ ಪೂರ್ವಕ್ಕೆ ವಾಲಿ ಹೊರಡುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಬೈಕಲ್ ಸರೋವರದ ಆಚೆಯ ಸೈಬೀರಿಯಾ, ಆಮೇಲೆ ಸುಮಾರು 71 ಡಿಗ್ರಿ ಉತ್ತರದಲ್ಲಿ ಆರ್ಕ್ಟಿಕ್ ಸಮುದ್ರದ ಅಂಚು ಮುಟ್ಟಿ ಅಲಾಸ್ಕಾದ ನಡುವಿನಿಂದ ಇಳಿದು, ಕೆನಡಾದ ಪಶ್ಚಿಮ ಕರಾವಳಿಗುಂಟ ಸ್ಯಾನ್ ಫ್ರಾನ್ಸಿಸ್ಕೋ. ನಿಮ್ಮ ಓಣಿಯವರು ಪರದೆಯ ಮೇಲೆ ನೋಡಿದ ಬರ್ಫ್ ಅದೇ.

ಆದರೆ ಆ ಗೆರೆಯ ಮೇಲೆಯೇ ಹಾರಲು ನಮಗೆ ಆಗುವುದಿಲ್ಲ. ಮೊದಲ ತಕರಾರು ಟಿಬೆಟ್. ಅಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರ. ವಿಮಾನದೊಳಗಿನ ಗಾಳಿಯೊತ್ತಡ ಹೋದರೆ ಪೈಲಟ್ ಬೇಗನೆ ಹತ್ತು ಸಾವಿರ ಅಡಿಗೆ, ಅಂದರೆ ಮೂರು ಸಾವಿರ ಮೀಟರಿಗೆ ಇಳಿಯಬೇಕು. ಟಿಬೆಟ್ ಮೇಲೆ ಮೂರು ಸಾವಿರ ಮೀಟರ್ ಅಂದರೆ ನೆಲದೊಳಗೆ! ಹಾಗಾಗಿ ಅದನ್ನು ಬಳಸಿಕೊಂಡು ಹೋಗುವುದೇ ರೂಢಿ. ಎರಡನೆಯದು ದೇಶಗಳ ಮುನಿಸು. 2022ರಿಂದ ರಷ್ಯಾ ತನ್ನ ಆಕಾಶವನ್ನು ಅಮೆರಿಕ, ಯುರೋಪಿನ ವಿಮಾನಗಳಿಗೆ ಮುಚ್ಚಿದೆ, ನಮ್ಮ ದೇಶದವುಗಳಿಗೆ ಮುಚ್ಚಲಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮವಕ್ಕೆ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಆಗ ನಡುವೆ ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ದಕ್ಷಿಣದಿಂದ ಅರಬ್ಬೀ ಸಮುದ್ರದ ಮೇಲೆ ದುಬೈಗೆ ಹೋಗುವವರಿಗೆ ಆ ಬಿಸಿ ತಟ್ಟಲಿಲ್ಲ. ಮೂರನೆಯದು, ಎರಡೇ ಎಂಜಿನ್ನಿನ ವಿಮಾನ ದಾರಿಯುದ್ದಕ್ಕೂ ಇಂತಿಷ್ಟು ಹೊತ್ತಿನೊಳಗೆ ಇಳಿಯಲು ಒಂದು ನಿಲ್ದಾಣ ಸಿಗುವಂತೆ ಹಾರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದದ್ದು ನೆನಪಿರಬಹುದು. ಅಂಥ ಊರುಗಳನ್ನು ಹುಡುಕಿ ಗುರುತು ಹಾಕಿಕೊಳ್ಳುವುದೇ ನಮ್ಮ ಅರ್ಧ ಕೆಲಸ.

ಇನ್ನು ಹೋಗುವ ಬರುವ ಫರಕು. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ ಇದೆ, ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನ್, ಪೆಸಿಫಿಕ್ ಮೇಲೆ ತಾಸಿಗೆ 200 ಕಿ.ಮೀ. ದಾಟುವುದು ಸಾಮಾನ್ಯ. 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಒಂದು ವಿಮಾನ ಈ ಗಾಳಿ ಹಿಡಿದು 4 ತಾಸು 56 ನಿಮಿಷದಲ್ಲಿ ಮುಟ್ಟಿತ್ತು. ಗಾಳಿಯೇ ಇಲ್ಲದಿದ್ದರೆ ತಾಸಿಗೆ 900 ಕಿ.ಮೀ. ಹೋಗುವ ವಿಮಾನಕ್ಕೆ 14,000 ಕಿ.ಮೀ. ಹದಿನೈದೂವರೆ ತಾಸಿನ ಹಾದಿ. ಎದುರು ಗಾಳಿ ನೂರು ಇದ್ದರೆ ಹದಿನೇಳೂವರೆ, ಬೆನ್ನ ಗಾಳಿ ನೂರು ಇದ್ದರೆ ಹದಿನಾಲ್ಕು. ಆದ್ದರಿಂದ ಗಾಳಿ ಚೆನ್ನಾಗಿರುವ ದಿನ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವಾಗ ಮುಕ್ಕದ್ದಮರ ಜಪಾನ್ ದಾರಿಯೇ ಗೆಲ್ಲುತ್ತದೆ! ಕಿಲೋಮೀಟರ್ ಹೆಚ್ಚು, ತಾಸು ಕಡಿಮೆ. ಬರುವಾಗ ಆ ಗಾಳಿಗೆ ಎದುರಾಗಿ ಯಾರೂ ಬರುವುದಿಲ್ಲ, ಧ್ರುವದ ಕಡೆ ಹತ್ತುತ್ತೇವೆ. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ನೇರ ಸೇವೆ ಶುರು ಮಾಡಿದಾಗ ಮೊದಲ ವಿಮಾನ ಅಲ್ಲಿಂದ ಉತ್ತರ ಧ್ರುವದ ಮೇಲೆಯೇ ಬೆಂಗಳೂರಿಗೆ ಬಂದದ್ದು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ನಾವು ದೂರಕ್ಕಿಂತ ಇಂಧನ ಮತ್ತು ಹೊತ್ತು ನೋಡುವವರು. ಒಂದೇ ಜೋಡಿ ಊರುಗಳ ನಡುವೆ ಇವತ್ತಿನ ದಾರಿ ನಾಳೆ ಇರುವುದಿಲ್ಲ.

ಏಜೆಂಟರ ಲೆಕ್ಕ ಸುಳ್ಳಲ್ಲ. ಹೈದರಾಬಾದಿನಿಂದ ದುಬೈ 2,550, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 13,000, ಸೇರಿ 15,550. ಹೈದರಾಬಾದಿನಿಂದ ನೇರ ಗೆರೆ ಎಳೆದರೆ 13,500, ಅಂದರೆ ಎರಡು ಸಾವಿರ ಬಳಸು. ಆದರೂ ನನ್ನ ಮತ ಏಜೆಂಟರ ಕಡೆಗೆ. ಕಲಬುರಗಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ನೇರ ಗೆರೆ 13,580 ಮಾತ್ರ. ಬೆಂಗಳೂರಿಗಿಂತ ನೀವೇ ನಾಲ್ಕು ನೂರು ಕಿ.ಮೀ. ಹತ್ತಿರ ಇದ್ದೀರಿ. ಬೆಂಗಳೂರಿಗೆ ಹೋಗುವುದೆಂದರೆ ಅಮೆರಿಕಕ್ಕೆ ಬೆನ್ನು ಮಾಡಿ 465 ಕಿ.ಮೀ. ಹಿಂದೆ ಹೋದ ಹಾಗೆ, ಅದೂ ವಿಮಾನದ ಲೆಕ್ಕ. ರೈಲಿನಲ್ಲಾದರೆ ಒಂದು ರಾತ್ರಿ. ಶಂಶಾಬಾದ್, ಅಂದರೆ ಹೈದರಾಬಾದಿನ ವಿಮಾನ ನಿಲ್ದಾಣ, ನಿಮಗೆ ಕಾರಿನಲ್ಲಿ ಇನ್ನೂರು ಚಿಲ್ಲರೆ ಕಿ.ಮೀ. ವಯಸ್ಸಾದವರಿಗೆ ಒಂದೇ ಸಮನೆ ಹದಿನೇಳು ತಾಸು ಕೂರುವುದಕ್ಕಿಂತ ಮೂರ್ನಾಲ್ಕು ತಾಸಾದ ಮೇಲೆ ದುಬೈನಲ್ಲಿ ಒಮ್ಮೆ ಇಳಿದು ಕಾಲು ಆಡಿಸುವುದೂ ಒಳ್ಳೆಯದು. ಶ್ರೀನಿವಾಸ ಸರಡಗಿಯಲ್ಲಿ 2019ರಲ್ಲಿ ನಮ್ಮದೂ ವಿಮಾನ ನಿಲ್ದಾಣ ಶುರುವಾಯಿತು, ಆದರೆ ಅಲ್ಲಿಂದ ದುಬೈಗೆ ಹಾರುವ ಕನಸು ಸದ್ಯಕ್ಕೆ ಕನಸೇ.

ಒಂದು ಸ್ವಾರಸ್ಯ: ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಹೆಚ್ಚುಕಡಿಮೆ ಪರಸ್ಪರ ಎದುರು ರೇಖಾಂಶದಲ್ಲಿವೆ, ನಡುವೆ 178 ಡಿಗ್ರಿ. ಹಾಗಾಗಿ ಆ ಗೆರೆ ಉತ್ತರ ಧ್ರುವದಿಂದ ಸುಮಾರು ಇನ್ನೂರು ಕಿ.ಮೀ. ದೂರದಲ್ಲೇ ಹಾದುಹೋಗುತ್ತದೆ. ಮಾಸ್ತರರ ಇರುವೆ ನಿಜವಾಗಿ ನೆತ್ತಿ ಹತ್ತುವುದು ಅಲ್ಲಿ.

ಗಂಜ್ ಅಡತಿ, ಕಲಬುರಗಿ

ಮುಕ್ಕದ್ದಮ ಇವತ್ತು ಅಂಗಡ್ಯಾಗ ಎಲ್ಲರಿಗೂ ಚಹಾ ಕುಡಿಸ್ಯಾನ, ಜಪಾನ್ ದಾರಿ ಗೆಲ್ತದಂತ. ಮುನೀಮ ಮುಖ ಊದಿಸ್ಕೊಂಡು ಕೂತಾನ. ದುಬೈ ಮ್ಯಾಲೇನೇ ಹೋಗ್ತೀವಿ ಅಂತ ಖಾತ್ರಿ ಆಯ್ತು. ಆದ್ರ ಮನಿಯಾಕಿ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಏಜೆಂಟ್ ಸೋಮವಾರದ ಟಿಕೇಟ ಸೋವಿ ಅದ ಅಂತಾನ.

ಸರಪಳಿ ಮಾಸ್ತರ, ಬೀದರ್

ಸೋಮವಾರ ಬೇಡ. ಲೆಕ್ಕ ನೋಡ್ರಿ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಸೋಮವಾರ ಬೆಳಗಿನ ಜಾವ ಶಂಶಾಬಾದ್ ಬಿಟ್ಟರೆ ಅಲ್ಲಿ ಇಳಿದಾಗಲೂ ಸೋಮವಾರವೇ. ನಿಮ್ಮ ಮನೆಯವರ ಪಾಲಿಗೆ ಆ ಸೋಮವಾರ 24 ತಾಸಿನದಲ್ಲ, ಮೂವತ್ತಾರೂವರೆ ತಾಸಿನದು. ಅದರ ಮೇಲೆ ಆಗಸ್ಟ್‌ನಲ್ಲಿ ಧ್ರುವದ ಮೇಲೆ ಸೂರ್ಯ ಮುಳುಗೋದೇ ಇಲ್ಲ, ಸೆಪ್ಟೆಂಬರ್ ಕೊನೆಯ ವಾರದ ತನಕ ಅಲ್ಲಿ ಹಗಲೇ. ಹೊತ್ತು ಮುಳುಗಿದ ಮೇಲೆ ಉಣ್ಣೋ ವ್ರತದವರು ದುಬೈ ಬಿಟ್ಟ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಸಂಜೆಯ ತನಕ ಕಾಯಬೇಕು. ಮಧುಮೇಹ ಇದ್ದರಂತೂ ಕೇಳಲೇಬೇಡಿ.

ಬರುವಾಗ ಉಲ್ಟಾ. ಆ 2021ರ ಮೊದಲ ವಿಮಾನವನ್ನೇ ನೋಡ್ರಿ: ಅಲ್ಲಿ 9ನೇ ತಾರೀಖು ಶನಿವಾರ ರಾತ್ರಿ ಬಿಟ್ಟು ಇಲ್ಲಿ 11ರ ಸೋಮವಾರ ನಸುಕಿನಲ್ಲಿ ಇಳಿಯಿತು. ಭಾನುವಾರ ಪೂರಾ ಆಕಾಶದಲ್ಲೇ ಕರಗಿತು. ವ್ರತ ತಪ್ಪಿಸಬೇಕೆನ್ನುವವರಿಗೆ ಅದು ಅನುಕೂಲ, ನಿಮ್ಮ ಮನೆಯವರು ಅಂಥವರಲ್ಲ ಅಂತ ಕಾಣ್ತದೆ. ಬುಧವಾರದ ಟಿಕೆಟ್ ತೆಗೆಸ್ರಿ, ನಾಲ್ಕು ದುಡ್ಡು ಹೆಚ್ಚಾದರೂ.

ಗಂಜ್ ಅಡತಿ, ಕಲಬುರಗಿ

ಬುಧವಾರ ಅಂತ ಆಕಿನೂ ಒಪ್ಪಿದಳು. ಕಡೀ ಪ್ರಶ್ನೆ: ಆ ಬರ್ಫ್ ಕಾಣಬೇಕಂದ್ರ ಯಾವ ಕಡಿ ಕಿಡಕಿ ಹಿಡೀಬೇಕು?

ಶಹಾಬಾದ್ ಕಲ್ಲು, ಈಗ ಬೆಂಗಳೂರು

ದುಬೈನಿಂದ ಬೆಳಿಗ್ಗೆ ಹೊರಡುವ ವಿಮಾನವಾದರೆ ಬಲಗಡೆ. ಮೊದಲ ಮೂರ್ನಾಲ್ಕು ತಾಸು ಇರಾನ್, ಕಜಕಸ್ತಾನದ ಮೇಲೆ ಬಿಸಿಲು ಬಲಕ್ಕೇ ಹೊಡೆಯುತ್ತದೆ, ಆಗ ಮಲಗಿಬಿಡಿ. ಆಮೇಲೆ ಸೂರ್ಯ ಎಡಕ್ಕೆ ಸರಿಯುತ್ತಾನೆ, ಧ್ರುವ ದಾಟಿದ ಮೇಲೂ ಎಡಕ್ಕೇ ಇರುತ್ತಾನೆ. ಬಲಗಡೆಯವರಿಗೆ ಕಣ್ಣು ಕುಕ್ಕದೆ ಬರ್ಫ್ ಕಾಣುತ್ತದೆ, ಮೋಡ ಇಲ್ಲದಿದ್ದರೆ. ರೆಕ್ಕೆಯ ಮೇಲಿನ ಸಾಲು ಬೇಡ, ಹಿಂದಿನದು ಕೇಳಿ. ಮಲಗುವವರಿಗೋಸ್ಕರ ಸಿಬ್ಬಂದಿ ಪರದೆ ಎಳೆಯಿರಿ ಅನ್ನುತ್ತಾರೆ. ದುಬೈ ಬಿಟ್ಟು ಏಳೂವರೆ ಎಂಟು ತಾಸಾದಾಗ ಒಂದು ಗೇಣು ಎತ್ತಿ ನೋಡಿ, ಯಾರೂ ಏನೂ ಅನ್ನುವುದಿಲ್ಲ.